ಮೂರು ಬೆರಳು ಹಿಡಿಯದ ಬಾಯಿ

ಇಶಾ ಆದ ಮೇಲೆ ನಮ್ಮಲ್ಲಿ ಓದಲು ಬರುವವರಲ್ಲಿ ಔರಾದ್ ಕಡೆಯ ಹುಡುಗನೊಬ್ಬ ಇದ್ದಾನೆ. ವಯಸ್ಸು 19. ಹಗಲು ಬೀದರಿನ ಗ್ಯಾರೇಜೊಂದರಲ್ಲಿ ಕೆಲಸ. ದೀರ್ಘ ಎಳೆಯುವಲ್ಲೆಲ್ಲ ಅವನ 'ಆ' ಹೋಗಿ 'ಎ' ಆಗುತ್ತಿತ್ತು. ಸೋಮಾರಿತನ ಅಂತ ನಾವು ಎರಡು ತಿಂಗಳು ಗದರಿದೆವು. ಒಂದು ದಿನ ತಲೆ ತಗ್ಗಿಸಿಕೊಂಡೇ ಹೇಳಿದ: "ಮೂಂ ನೈ ಖುಲ್ತಾ, ಹಜರತ್." ಬಾಯಿ ತೆರೆಯುವುದೇ ಇಲ್ಲವಂತೆ. ಬೆರಳಿಟ್ಟು ತೋರಿಸು ಅಂದೆವು. ಒಂದೂವರೆ ಬೆರಳಿಗೇ ನಿಂತಿತು.

ಗದರಿದ್ದಕ್ಕೆ ನಮಗೆ ಈಗಲೂ ನಾಚಿಕೆ ಉಂಟು.

ಹಲ್ಲಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಾಗ ಅವರು ಹೆಚ್ಚು ಹೊತ್ತು ನೋಡಲಿಲ್ಲ. ಕೆನ್ನೆಯ ಒಳಗೆ ಬೆರಳು ಆಡಿಸಿ, ಹಗ್ಗದ ಹಾಗೆ ಗಟ್ಟಿಯಾದ ಪಟ್ಟಿ ತೋರಿಸಿ, "ಎಷ್ಟು ವರ್ಷದಿಂದ ತಿಂತೀ?" ಅಂತ ಕೇಳಿದರು. ಕಾಯಿಲೆಯ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಂದರೆ ಬಾಯಿಯ ಒಳಚರ್ಮದ ಅಡಿಯಲ್ಲಿ ನಾರು ಬೆಳೆಯುವುದು.

ನಾರು ಅಂದರೆ ಕೆಟ್ಟದ್ದಲ್ಲ. ಕೈ ಕೊಯ್ದುಕೊಂಡರೆ ಗಾಯ ಕೂಡುವುದು ಕೊಲಾಜೆನ್ ಎಂಬ ನಾರಿನಿಂದಲೇ. ಗಾಯ ಆರಿದ ಮೇಲೆ ಕೆಲಸ ನಿಲ್ಲಬೇಕು. ಆದರೆ ಒಂದೇ ಜಾಗಕ್ಕೆ ದಿನಾ ಪೆಟ್ಟು ಬೀಳುತ್ತಿದ್ದರೆ ರಿಪೇರಿ ನಿಲ್ಲುವುದಿಲ್ಲ, ಮೆತ್ತಗಿರಬೇಕಾದ ಅಂಗ ಗಟ್ಟಿಯಾಗುತ್ತದೆ. ಲಿವರ್‌ನಲ್ಲಿ ಹೆಪಟೈಟಿಸ್ ಬಿ ವರ್ಷಗಟ್ಟಲೆ ಕೂತರೆ ಹೀಗೆಯೇ ಆಗಿ ಕೊನೆಗೆ ಸಿರೋಸಿಸ್. ಕಲ್ಲುಪುಡಿ ಉಸಿರಾಡುವವರ ಶ್ವಾಸಕೋಶದಲ್ಲೂ ಇದೇ ಕಥೆ. ಹಾರ್ಟ್ ಅಟ್ಯಾಕ್ ಆದವರ ಹೃದಯದಲ್ಲಿ ಸತ್ತ ಮಾಂಸದ ಜಾಗಕ್ಕೆ ನಾರು ಬಂದು ಕೂರುತ್ತದೆ. ಅದು ತೇಪೆ ಹಾಕುತ್ತದೆ, ಆದರೆ ರಕ್ತ ಒತ್ತುವುದಿಲ್ಲ. ಇವೆಲ್ಲ ಒಳಗಿನ ಸಂಗತಿ, ಸ್ಕ್ಯಾನಿಂಗ್ ಬೇಕು. ಬಾಯಿಯದ್ದಾದರೆ ಮನೆಯಲ್ಲೇ ಗೊತ್ತಾಗುತ್ತದೆ.

ಬಾಯಿಗೆ ಪೆಟ್ಟು ಕೊಡುವುದು ಯಾವುದು? ತಂಬಾಕು ಅಂತ ನಾವೂ ಅಂದುಕೊಂಡಿದ್ದೆವು. ಅಲ್ಲ, ಅಡಿಕೆ. ಅಡಿಕೆಯಲ್ಲಿರುವ ಅರೆಕೋಲಿನ್ ನಾರು ನೇಯುವ ಜೀವಕೋಶಗಳನ್ನು ಕೆರಳಿಸುತ್ತದೆ. ಅದರ ಒಗರು, ಅಂದರೆ ಟ್ಯಾನಿನ್, ಬೆಳೆದ ನಾರು ಕರಗದ ಹಾಗೆ ಮಾಡುತ್ತದೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಹೆಚ್ಚು, ಅದು ನಾರಿಗೆ ನಾರು ಗಂಟು ಹಾಕಲು ನೆರವಾಗುತ್ತದೆ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಇದನ್ನು ಮೊದಲು ಬರೆದಿಟ್ಟದ್ದು ಕೀನ್ಯಾದಲ್ಲಿದ್ದ 5 ಮಂದಿ ಭಾರತೀಯ ಹೆಂಗಸರನ್ನು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರ ವರದಿಯಲ್ಲಿ, ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದಿತು.

ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ನಾವು ಪುತ್ತೂರು ಕಡೆಯವರು. ನಮ್ಮ ಬಾಪ ಅಂಗಳದಲ್ಲಿ ಒಣಹಾಕಿದ ಚಾಲಿ ಮಾರಿಯೇ ನಮ್ಮನ್ನು ಓದಿಸಿದ್ದು. ಈ ಪುಟ ಓದುವ ಎಷ್ಟೋ ಮನೆಗಳಲ್ಲಿ ತೋಟ ಉಂಟು, ಇಲ್ಲವೇ ಅಡಿಕೆ ವ್ಯಾಪಾರ ಉಂಟು. ಬೀದರ್, ಭಾಲ್ಕಿ, ಔರಾದ್‌ನ ಹೊಲಗಳಲ್ಲಿ ತೊಗರಿ, ಸೋಯಾ, ಕಬ್ಬು. ಇಲ್ಲಿ ಅಡಿಕೆ ತೋಟ ಕಾಣಲಿಕ್ಕಿಲ್ಲ. ಆದರೆ ಪಾನ್‌ಶಾಪ್ ಇಲ್ಲದ ಬೀದಿ ತೋರಿಸಿ ನೋಡುವ! ನಮ್ಮ ಅಂಗಳದ್ದೋ ಬೇರೆಯವರದ್ದೋ, ಬಣ್ಣದ ಪ್ಯಾಕೆಟಿನೊಳಗೆ ಪುಡಿಯಾಗಿ ಬಂದ ಮೇಲೆ ಯಾರು ಗುರುತಿಸುತ್ತಾರೆ?

"ಅಜ್ಜಿ ಜೀವನಪೂರ್ತಿ ಎಲೆಅಡಿಕೆ ಹಾಕಿದರು, ಏನೂ ಆಗಲಿಲ್ಲ" ಅನ್ನುವವರಿದ್ದಾರೆ. ಎಲೆಅಡಿಕೆಯಲ್ಲೂ ಈ ಕಾಯಿಲೆ ಬರುತ್ತದೆ, ಆದರೆ ನಿಧಾನ. ಗುಟ್ಕಾ, ಪಾನ್ ಮಸಾಲದಲ್ಲಿ ವೀಳ್ಯದೆಲೆ ಇಲ್ಲ, ಒಣ ಅಡಿಕೆಯದ್ದೇ ತೂಕ. ಕೆಲವೇ ವರ್ಷಗಳಲ್ಲಿ ಬಾಯಿ ಬಿಗಿಯುತ್ತದೆ. ಮಹಾರಾಷ್ಟ್ರ 2012ರಲ್ಲಿ, ನಮ್ಮ ರಾಜ್ಯ 2013ರಲ್ಲಿ ಗುಟ್ಕಾ ನಿಷೇಧಿಸಿದವು. ಆಮೇಲೆ ಪಾನ್ ಮಸಾಲ ಒಂದು ಪ್ಯಾಕೆಟು, ತಂಬಾಕು ಇನ್ನೊಂದು ಪ್ಯಾಕೆಟು ಆಯಿತು. ಅಂಗೈಯಲ್ಲಿ ಬೆರೆಸಿಕೊಂಡರೆ ಮತ್ತೆ ಗುಟ್ಕಾವೇ. ನಮ್ಮ ಹುಡುಗ ಶುರು ಮಾಡಿದ್ದು ತಂಬಾಕಿಲ್ಲದ ಸಿಹಿ ಸುಪಾರಿಯಿಂದ, 8ನೇ ಕ್ಲಾಸಿನಲ್ಲಿ. ಮದುವೆ ಮನೆಗಳಲ್ಲಿ ಮಕ್ಕಳ ಕೈಗೆ ನಾವೇ ಕೊಡುತ್ತೇವಲ್ಲ, ಅದೇ.

ಮೊದಲ ಸೂಚನೆ ಉರಿ. ಖಾರದ ಸಾರು ತಿನ್ನುತ್ತಿದ್ದವನು ಒಮ್ಮೆಲೇ ಬಾಯಿ ಉರಿ ಅಂತ ತಟ್ಟೆ ದೂಡುತ್ತಾನೆ. ಆಮೇಲೆ ಒಳಕೆನ್ನೆ ಬಿಳಿಚಿಕೊಳ್ಳುತ್ತದೆ. ಸಿಳ್ಳೆ ಬರುವುದಿಲ್ಲ, ನಾಲಗೆ ಪೂರ್ತಿ ಹೊರಗೆ ಚಾಚಲಾಗುವುದಿಲ್ಲ. ತೋರು, ನಡು, ಉಂಗುರ, ಅವರವರದ್ದೇ ಈ ಮೂರು ಬೆರಳು ಒಂದರ ಮೇಲೊಂದಾಗಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಹಿಡಿಸಬೇಕು. ಹಿಡಿಸದಿದ್ದರೆ ಡಾಕ್ಟರರಿಗೆ ತೋರಿಸಿ. ಬೀದರಿನಲ್ಲಿ ಬ್ರಿಮ್ಸ್ ಆಸ್ಪತ್ರೆ ಉಂಟು, ನೌಬಾದ್‌ನಲ್ಲಿ ದಂತ ಕಾಲೇಜು ಉಂಟು. ಭಾಲ್ಕಿ, ಔರಾದ್‌ನವರು ಮೊದಲು ತಾಲೂಕು ಆಸ್ಪತ್ರೆಯಲ್ಲಿ ಕೇಳಬಹುದು.

ಪೂರ್ತಿ ಗುಣವಾಗುತ್ತದೆ ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಬೆಳೆದ ನಾರು ಸುಲಭದಲ್ಲಿ ಹಿಂದೆ ಹೋಗುವುದಿಲ್ಲ. ಬಿಟ್ಟರೆ ಉರಿ ಕಡಿಮೆಯಾಗುತ್ತದೆ, ಮುಂದೆ ಬಿಗಿಯುವುದು ತಗ್ಗುತ್ತದೆ. ಇಂಜೆಕ್ಷನ್ ಉಂಟು, ತೀರಾ ಬಿಗಿದರೆ ಪಟ್ಟಿ ಕತ್ತರಿಸುವ ಆಪರೇಷನ್ ಉಂಟು. ಅದಕ್ಕಿಂತ ದೊಡ್ಡ ಹೆದರಿಕೆ ಕ್ಯಾನ್ಸರಿನದ್ದು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ಕಾಯಿಲೆಯ 66 ಮಂದಿಯನ್ನು 17 ವರ್ಷ ಗಮನಿಸಿದಾಗ, ನೂರಕ್ಕೆ ಏಳೆಂಟರ ಲೆಕ್ಕದಲ್ಲಿ ಕ್ಯಾನ್ಸರ್ ಕಂಡಿತು. ಹಾಗಾಗಿ ಬಿಟ್ಟ ಮೇಲೂ ತಪಾಸಣೆ ತಪ್ಪಿಸುವಂತಿಲ್ಲ.

ಹುಡುಗನಿಗೆ ಡಾಕ್ಟರು ಹೇಳಿಕೊಟ್ಟದ್ದು ಐಸ್‌ಕ್ರೀಂ ಕಡ್ಡಿಯ ವ್ಯಾಯಾಮ. ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳುವುದು, ಸಲೀಸಾದ ಹಾಗೆ ಒಂದೊಂದೇ ಸೇರಿಸುವುದು. ಪುಡಿ ಬಿಟ್ಟು ನಾಲ್ಕು ತಿಂಗಳಾಯಿತು. ನಡುವೆ ಎರಡು ಸಲ ತಪ್ಪಿದ, ತಾನಾಗಿ ಬಂದು ಹೇಳಿದ. ನಾವು ಈ ಸಲ ಗದರಲಿಲ್ಲ. ಕಡ್ಡಿಯ ಕಟ್ಟನ್ನು ರಬ್ಬರ್‌ಬ್ಯಾಂಡ್ ಹಾಕಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಪಾಠಕ್ಕೆ ಬರುತ್ತಾನೆ. ಕಳೆದ ವಾರ 14 ಇತ್ತು. ಮೊನ್ನೆ ರಾತ್ರಿ 15ನೆಯದ್ದು ಹಿಡಿಸಿತು.