ಮುರಿದುಕೊಂಡ ತೆರಿಗೆ ಮುಳುಗಿದ ಹಣವಲ್ಲ

ಡೊಂಬಿವಲಿಯ ನಮ್ಮ ನೆರೆಮನೆಯ ಅಜ್ಜಿಯವರಿಗೆ ಯಜಮಾನರು ಬಿಟ್ಟುಹೋದ ಷೇರುಗಳೇ ಆಸರೆ. ಕಳೆದ ಸಾಲಿನಲ್ಲಿ ಒಂದು ಕಂಪನಿಯಿಂದ 15,000 ರೂಪಾಯಿ ಲಾಭಾಂಶ ಬರಬೇಕಾದಲ್ಲಿ 13,500 ಮಾತ್ರ ಬಂದಿತು. “ಉಳಿದದ್ದು ಸರಕಾರಕ್ಕೆ ಹೋಯಿತು, ಬಿಡಪ್ಪಾ” ಎಂದು ಸುಮ್ಮನಾಗಿದ್ದರು.

ಸುಮ್ಮನಾಗಬೇಕಾದುದಿಲ್ಲ. 2020ರ ಮಾರ್ಚಿಯವರೆಗೆ ಕಂಪನಿಯೇ ತೆರಿಗೆ ತೆತ್ತು ಲಾಭಾಂಶ ಹಂಚುತ್ತಿದ್ದಿತು. ಸಣ್ಣ ಷೇರುದಾರರಿಗೆ ಅದರ ಗೊಡವೆಯಿರಲಿಲ್ಲ. ಆ ಏಪ್ರಿಲಿನಿಂದ ಹೊರೆ ನಮ್ಮ ಹೆಗಲಿಗೆ ಬಂದಿದೆ. 2025ರ ಏಪ್ರಿಲ್ 1ರಿಂದ, ಒಂದು ಕಂಪನಿಯ ಲಾಭಾಂಶ ವರ್ಷಕ್ಕೆ 10,000 ರೂಪಾಯಿ ಮೀರಿದರೆ ನೂರಕ್ಕೆ 10ರಂತೆ, ಪ್ಯಾನ್ ಕೊಡದವರಿಗೆ 20ರಂತೆ, ಮೊದಲೇ ಮುರಿದುಕೊಳ್ಳುವರು. ಮುರಿದದ್ದು ನಮ್ಮ ಪ್ಯಾನಿನ ಲೆಕ್ಕದಲ್ಲಿ ಜಮೆಯಾದ ಮುಂಗಡವಷ್ಟೆ.

ರಿಟರ್ನಿನಲ್ಲಿ ತೋರಿಸತಕ್ಕ ಆದಾಯ ಕೈಗೆ ಬಂದ 13,500 ಅಲ್ಲ, ಪೂರಾ 15,000. ವಿದ್ಯಾವಂತರೂ ಎಡವುವುದು ಇಲ್ಲಿಯೇ! ಒಟ್ಟು ಆದಾಯಕ್ಕೆ ತೆರಿಗೆ ಕಟ್ಟಿ ನೋಡಿ, ಅದರಲ್ಲಿ 1,500 ವಜಾ ಮಾಡಬೇಕು. ತೆರಿಗೆಯೇ ಬಾರದವರಿಗೆ ಅಷ್ಟೂ ಹಿಂದಕ್ಕೆ ಬರುವುದು. ರಿಟರ್ನು ಸಲ್ಲಿಸದವರಿಗೆ ಮಾತ್ರ ಬಿಡಿಗಾಸೂ ಇಲ್ಲ.

ಅಜ್ಜಿಯವರ ಆದಾಯ ತೆರಿಗೆಯ ಮಿತಿಯೊಳಗಿತ್ತು. ಮೊಮ್ಮಗಳು ಒಂದು ಭಾನುವಾರ ಕುಳಿತು ರಿಟರ್ನು ಕಳುಹಿಸಿದಳು. 1,500 ರೂಪಾಯಿ ಬ್ಯಾಂಕಿಗೆ ಬಂದಿತು. ಈ ಸಾಲಿಗೆ, ತನಗೆ ತೆರಿಗೆ ಬಾರದೆಂಬ ಘೋಷಣೆಯನ್ನು ಅಜ್ಜಿ ಕಂಪನಿಗೆ ಮೊದಲೇ ಕಳುಹಿಸಿದ್ದಾರೆ.