ಬೈಕು ಬಿಚ್ಚುವ ಮೊದಲು ಅದರ ಕಾಲು ಗಟ್ಟಿ ಮಾಡಿ

ಮಳೆ ಹಿಡಿಯಿತೆಂದರೆ ಸಂಸೆ, ಕಳಸ, ಹೊರನಾಡಿನ ಕಡೆ ಬೈಕಿಗೆ ಕೆಲಸ ಹತ್ತುತ್ತದೆ. ಕೆಸರು ಮರಳು ನುಗ್ಗಿ ಚೈನು ಒಣಗುತ್ತದೆ, ಬ್ರೇಕು ಸವೆಯುತ್ತದೆ, ಚಕ್ರ ಕಿರುಗುಟ್ಟುತ್ತದೆ. ಒಳಗಿನ ತೋಟದ ಮನೆಯವರಿಗೆ ಮೆಕ್ಯಾನಿಕ್ಕಿನ ಅಂಗಡಿ ದೂರ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ ದಿನ ಹೊರನಾಡಿನ ಕಡೆಯವರಿಗೆ ಕಳಸದ ನೇರ ದಾರಿಯೇ ಇಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯಲ್ಲಿ ಗುಡ್ಡಗಳು ಜರಿದು ರಸ್ತೆ ಕಟ್ಟಿಹೋದದ್ದು ನಿಮಗೆ ನೆನಪಿರಬಹುದು. ಹೀಗಾಗಿ ಪಾನಾ ಹಿಡಿದು ಅಂಗಳದಲ್ಲೇ ಕೂರುವ ರೈತರು ಬಹಳ. ಕೂರುವುದು ತಪ್ಪಲ್ಲ. ಆದರೆ ಯಾವ ನಟ್ಟು ಯಾವ ಕಡೆ ತಿರುಗುತ್ತದೆಂದು ಬಲ್ಲವರೂ ಬೈಕು ಯಾವುದರ ಮೇಲೆ ನಿಂತಿದೆ ಎಂದು ನೋಡುವುದಿಲ್ಲ.

ನಾನೂ ನೋಡಿರಲಿಲ್ಲ. ಮುಂದಿನ ಚಕ್ರ ಕಳಚಲು ಇಂಜಿನ್ನಿನ ಅಡಿಗೆ ಟೊಳ್ಳು ಸಿಮೆಂಟ್ ಇಟ್ಟಿಗೆ ಎರಡು ಜೋಡಿಸಿದ್ದೆ. ಚಕ್ರ ಕೈಗೆ ಬಂತು, ಇಟ್ಟಿಗೆ ಸದ್ದಿಲ್ಲದೆ ಬಿರಿಯಿತು. ಕಾಲಿಡುವ ಕಬ್ಬಿಣ ನನ್ನ ಬಲಪಾದದ ಮೇಲೆ ಕೂತಿತು. ಹೆಬ್ಬೆರಳಿನ ಉಗುರು ಹೋಯಿತು, ಮೂರು ವಾರ ತೋಟಕ್ಕೆ ಇಳಿಯಲಾಗಲಿಲ್ಲ. ಸ್ಪ್ಲೆಂಡರಿನಂಥ ಬೈಕು ಸುಮಾರು 110 ಕಿಲೊ ತೂಗುತ್ತದೆ. 50 ಕಿಲೊದ ಎರಡು ಮೂಟೆ ಚೆರಿ ಕಾಫಿಗಿಂತ ಹೆಚ್ಚು. ಬುಲೆಟ್ಟಾದರೆ ಸುಮಾರು 190, ಅಂದರೆ ಹತ್ತಿರ ಹತ್ತಿರ ನಾಲ್ಕು ಮೂಟೆ. ಮೂಟೆ ಬಿದ್ದರೆ ಮೆತ್ತಗೆ ಬೀಳುತ್ತದೆ. ಬೈಕಿಗೆ ಎಲ್ಲ ಕಡೆಯೂ ಮೊನೆ.

ಮೊದಲು ನೆಲ ನೋಡಿ. ನಮ್ಮ ಮಣ್ಣಿನ ಅಂಗಳ ಮಳೆಗಾಲದಲ್ಲಿ ಮೇಲೆ ಗಟ್ಟಿ, ಒಳಗೆ ಮೆತ್ತಗೆ. ಸ್ಟ್ಯಾಂಡಿನ ಸಣ್ಣ ಪಾದ ಅರ್ಧ ಗಂಟೆಯಲ್ಲಿ ಇಳಿದುಬಿಡುತ್ತದೆ. ಸಿಮೆಂಟಿನ ಕಾಫಿ ಕಣ ಗಟ್ಟಿಯೇ ಹೌದು, ಆದರೆ ನೀರು ಹರಿಯಲೆಂದು ಅದಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಮಳೆಗಾಲದಲ್ಲಿ ಹಾವಸೆ ಬೇರೆ. ಕೊಟ್ಟಿಗೆಯ ಅಥವಾ ಜಗಲಿಯ ಮಟ್ಟಸವಾದ ಒಣ ನೆಲವೇ ಒಳ್ಳೆಯದು. ಮಣ್ಣಿನ ಮೇಲೆಯೇ ಮಾಡಬೇಕಾದರೆ ಎರಡು ಚಕ್ರ ಮತ್ತು ಸ್ಟ್ಯಾಂಡು ಮೂರಕ್ಕೂ ಸಾಕಾಗುವಷ್ಟು ಉದ್ದಗಲದ ದಪ್ಪ ಹಲಗೆ ಹಾಸಿ. ಬಚ್ಚಲೊಲೆಯ ಮಗ್ಗುಲು ಮಾತ್ರ ಬೇಡ. ಅಲ್ಲಿ ಬೆಚ್ಚಗಿರುತ್ತದೆ, ನಿಜ. ಆದರೆ ಬಿದ್ದ ಬೈಕಿನ ಟ್ಯಾಂಕಿನಿಂದ ಪೆಟ್ರೋಲ್ ಚೆಲ್ಲುತ್ತದೆ, ಅದರ ಆವಿ ನೆಲದ ಮೇಲೆಯೇ ಹರಿದು ಬೆಂಕಿಯ ತನಕ ಹೋಗುತ್ತದೆ.

ಸೈಡ್ ಸ್ಟ್ಯಾಂಡು ಬೈಕು ನಿಲ್ಲಿಸುವುದಕ್ಕೆ, ಬಿಚ್ಚುವುದಕ್ಕಲ್ಲ. ಅದು ಮುಂದಕ್ಕೆ ಚಾಚಿಕೊಂಡು ನಿಂತಿರುತ್ತದೆ; ಬೈಕು ಒಂದು ಗೇಣು ಮುಂದೆ ಉರುಳಿದರೂ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆದಕಾರಣ ಏರಿನಲ್ಲಿ ನಿಲ್ಲಿಸುವಾಗ ಬೈಕಿನ ಮುಖ ಏರಿನ ಕಡೆಗಿರಲಿ, ಮೊದಲನೇ ಗೇರಿನಲ್ಲಿರಲಿ. ಎಣ್ಣೆ ನೋಡುವುದು, ಪ್ಲಗ್ ಒರೆಸುವುದು ಇಂಥ ಸಣ್ಣ ಕೆಲಸಕ್ಕೆ ಇದು ಸಾಕು. ಚಕ್ರ ಕಳಚುವ ಮಾತು ಬಂದರೆ ಸೆಂಟರ್ ಸ್ಟ್ಯಾಂಡೇ ಬೇಕು.

ಸೆಂಟರ್ ಸ್ಟ್ಯಾಂಡ್ ಹಾಕುವಾಗ ಬೈಕನ್ನು ತೋಳಿನಿಂದ ಎತ್ತಬೇಡಿ, ಸೊಂಟ ಹಿಡಿಯುತ್ತದೆ. ಹೇರಿದ ಹುಲ್ಲು, ಮೂಟೆ, ಹಾಲಿನ ಕ್ಯಾನು ಮೊದಲು ಇಳಿಸಿ. ಸ್ಟ್ಯಾಂಡನ್ನು ಕಾಲಿನಿಂದ ಒತ್ತಿ, ಅದರ ಎರಡು ಪಾದಗಳೂ ನೆಲ ಮುಟ್ಟಿದವೆಂದು ಖಾತ್ರಿಯಾದ ಮೇಲೆ ಮೈಭಾರವನ್ನೆಲ್ಲ ಆ ಕಾಲಿಗೆ ಬಿಡಿ. ಬೈಕು ತಾನಾಗಿ ಹಿಂದಕ್ಕೆ ಏರುತ್ತದೆ. ಹಿಂದಿನ ಚಕ್ರದ ಅಡಿಗೆ ಅರ್ಧ ಅಂಗುಲದ ಪಟ್ಟಿಯೊಂದನ್ನು ಇಟ್ಟುಕೊಂಡರೆ ಇನ್ನೂ ಸಲೀಸು. ಏರಿದ ಮೇಲೆ ಆ ಪಟ್ಟಿ ತೆಗೆದು, ಈ ಪತ್ರಿಕೆಯ ಒಂದು ಹಾಳೆಯನ್ನು ಹಿಂದಿನ ಚಕ್ರದ ಅಡಿಯಲ್ಲಿ ತೂರಿಸಿ ನೋಡಿ. (ಓದಿಯಾದ ಮೇಲೆ!) ಹಾಳೆ ಸಿಕ್ಕಿಕೊಂಡರೆ ಸ್ಟ್ಯಾಂಡಿನ ಪಾದ ಸವೆದಿದೆಯೆಂದು ತಿಳಿಯಬಹುದು. ಜಲ್ಲಿಯ ಮೇಲೆ ಎಳೆದಾಡಿದ ಬೈಕುಗಳಲ್ಲಿ ಇದು ಸಾಮಾನ್ಯ. ವೆಲ್ಡಿಂಗ್ ಅಂಗಡಿಯಲ್ಲಿ ಪಾದಕ್ಕೆ ಕಬ್ಬಿಣದ ತಗಡು ಕೂರಿಸಿಕೊಡುತ್ತಾರೆ. ಅಕ್ಕಪಕ್ಕ ಓಲಾಡಿದರೆ ಸ್ಟ್ಯಾಂಡಿನ ಬುಷ್ ಹೋಗಿದೆ. ಅದನ್ನು ಬದಲಿಸದೆ ಬೇರೆ ಕೆಲಸಕ್ಕೆ ಕೈ ಹಾಕಬೇಡಿ.

ಸ್ಟ್ಯಾಂಡಿನಿಂದ ಬೈಕು ಮುಂದಕ್ಕೆ ಇಳಿದುಬಿಡುವುದೇ ದೊಡ್ಡ ಭಯ. ಅದಕ್ಕೊಂದು ಸುಲಭ ಉಪಾಯ ಉಂಟು. ಸ್ಟ್ಯಾಂಡಿನ ಕಾಲಿಗೆ ಹಗ್ಗ ಹಾಕಿ ಮುಂದಿನ ಚಕ್ರಕ್ಕೆ ಬಿಗಿಯಾಗಿ ಕಟ್ಟಿ. ಮುಂದಿನ ಚಕ್ರವನ್ನೇ ಕಳಚುವುದಾದರೆ ಚೌಕಟ್ಟಿನ ಮುಂದಿನ ಪೈಪಿಗೆ ಕಟ್ಟಿ. ಆಗ ಸ್ಟ್ಯಾಂಡು ಹಿಂದಕ್ಕೆ ಮಡಚಲಾರದು. ಮುಂದಿನ ಬ್ರೇಕನ್ನು ಹಿಡಿದು, ಹಳೆಯ ಟ್ಯೂಬಿನ ಪಟ್ಟಿಯಿಂದ ಹ್ಯಾಂಡಲಿಗೆ ಸುತ್ತಿಬಿಟ್ಟರೆ ಚಕ್ರವೂ ಉರುಳದು.

ಆಕ್ಸಲ್ಲಿನ ಬಿಗಿ ನಟ್ಟನ್ನು, ಬೈಕು ಇನ್ನೂ ಎರಡು ಚಕ್ರದ ಮೇಲೆ ನಿಂತಿರುವಾಗಲೇ, ಒಬ್ಬರು ಹಿಡಿದುಕೊಂಡು ಅರ್ಧ ಸುತ್ತು ಸಡಿಲಿಸಿ. ಸ್ಟ್ಯಾಂಡಿಗೆ ಏರಿಸಿದ ಮೇಲೆ ಪಾನಾಕ್ಕೆ ಪೈಪು ತೊಡಿಸಿ ಜಗ್ಗುವುದೇ ಬಹಳಷ್ಟು ಬೈಕುಗಳನ್ನು ಕೆಡವುವುದು.

ಹಿಂದಿನ ಚಕ್ರ ತೆಗೆದರೆ ಹಿಂದಿನ ಭಾರ ಕಡಿಮೆಯಾಗಿ ಬೈಕು ಮುಂದಿನ ಚಕ್ರದ ಮೇಲೆ ಇನ್ನಷ್ಟು ಕೂರುತ್ತದೆ. ಮುಂದಿನ ಚಕ್ರ ತೆಗೆಯುವುದು ಹಾಗಲ್ಲ. ಭಾರ ಸ್ಟ್ಯಾಂಡಿಗಿಂತ ಮುಂದಿರುವುದರಿಂದ ಮೂತಿ ನೆಲಕ್ಕೆ ಬಡಿಯುತ್ತದೆ. ಅದಕ್ಕೇ ಅಡಿಗೆ ಆಸರೆ ಬೇಕು. ಇಟ್ಟಿಗೆಯ ಕತೆ ಹೇಳಿಯಾಯಿತು. ಮುರಕಲ್ಲೂ ಅಂಚಿನಲ್ಲಿ ಪುಡಿಯಾಗುತ್ತದೆ. ಹಾಲುವಾಣದ ತುಂಡು ಮೆತ್ತಗಿನ ಮರ, ಕುಗ್ಗುತ್ತದೆ. ಅಡಿಕೆ ದಬ್ಬೆ ಸೀಳುತ್ತದೆ. ಹಲಸಿನ ಒಣ ತುಂಡು ಸಿಕ್ಕರೆ ಎರಡೂ ಮುಖ ಸಮನಾಗಿ ಕೊಯ್ಯಿಸಿ ಇಟ್ಟುಕೊಳ್ಳಿ, ವರ್ಷಗಟ್ಟಲೆ ಬರುತ್ತದೆ. ಚೌಕಟ್ಟಿನ ಪೈಪು ಇಂಜಿನ್ನಿನ ಅಡಿಯಿಂದ ಹಾದಿದ್ದರೆ ಆ ಪೈಪಿಗೇ ಆಸರೆ ಕೊಡಿ. ಇಲ್ಲವಾದರೆ ಇಂಜಿನ್ನಿನ ಅಗಲ ತಳಕ್ಕೆ ಕೊಡಿ. ಎಣ್ಣೆ ಬಸಿಯುವ ಬೋಲ್ಟಿಗಾಗಲಿ, ಸೈಲೆನ್ಸರಿಗಾಗಲಿ ತಾಗಬಾರದು. ಜೀಪಿನ ಜಾಕು ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ತುಂಡು ಕೊಟ್ಟು ಭಾರವನ್ನು ಅದರ ಮೇಲೆ ಇಳಿಸಿ, ಏಕೆಂದರೆ ಜಾಕಿನ ತಲೆ ಚಿಕ್ಕದು, ಜಾರುತ್ತದೆ. ಎಣ್ಣೆಯ ಜಾಕು ತಿಳಿಯದಂತೆ ಇಳಿಯುತ್ತದೆ.

ಕೊಟ್ಟಿಗೆಯ ತೊಲೆಯಿಂದ ಹಗ್ಗ ಬಿಟ್ಟು ಕಟ್ಟುವುದು ನಮ್ಮಲ್ಲಿ ರೂಢಿ. ಕಟ್ಟಿ, ಆದರೆ ಭಾರವನ್ನೆಲ್ಲ ಅದಕ್ಕೆ ಹಾಕಬೇಡಿ. ಭಾರ ಹೊರುವುದು ಕೆಳಗಿನ ತುಂಡು. ಹಗ್ಗ ಇರುವುದು ಬೈಕು ಪಕ್ಕಕ್ಕೆ ವಾಲದಿರಲೆಂದು. ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ಕತ್ತಿಯ ಹಿಂಭಾಗದಿಂದ ತಟ್ಟಿ ನೋಡಿ. ಮಳೆಯಲ್ಲಿ ನೆನೆದು ಒಣಗಿದ ತೆಂಗಿನ ನಾರಿನ ಹಗ್ಗವನ್ನು ನಂಬಬೇಡಿ.

ಈಗಿನ ಹುಡುಗರ ಕೆಲವು ಬೈಕುಗಳಿಗೆ ಸೆಂಟರ್ ಸ್ಟ್ಯಾಂಡೇ ಇಲ್ಲ. ಹಿಂದಿನ ಚಕ್ರದ ತೋಳಿಗೆ ಕೊಟ್ಟು ಎತ್ತುವ ಪ್ಯಾಡಾಕ್ ಸ್ಟ್ಯಾಂಡ್ ಪೇಟೆಯಲ್ಲಿ ಸಿಗುತ್ತದೆ. ಒಬ್ಬರು ಹ್ಯಾಂಡಲ್ ಹಿಡಿದಿರುವಾಗ ಮಾತ್ರ ಅದನ್ನು ಹಾಕಿ. ನಾಲ್ಕು ಮನೆಯವರು ಸೇರಿ ಒಂದನ್ನು ತಂದಿಟ್ಟುಕೊಂಡರೆ ಸಾಕು. ಸೈಕಲಿನಂತೆ ತಲೆಕೆಳಗು ಮಾಡುವುದಾಗಲಿ, ಹಸಿ ಗೋಣಿಯ ಮೇಲೆ ಮಲಗಿಸುವುದಾಗಲಿ ಬೇಡವೇ ಬೇಡ. ಪೆಟ್ರೋಲಿನ ಜೊತೆಗೆ, ನೀರು ಹಾಕುವ ಬ್ಯಾಟರಿಯಾದರೆ ಆಸಿಡ್ಡೂ ಚೆಲ್ಲುತ್ತದೆ.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಸ್ಟ್ಯಾಂಡಿನ ಮೇಲೆ ಇಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ಪದ್ಧತಿ ಬಹಳ ಮನೆಗಳಲ್ಲಿದೆ. ಬಟ್ಟೆ ಹಲ್ಲಿಗೆ ಸಿಕ್ಕಿ ಬೆರಳನ್ನೂ ಎಳೆದುಕೊಳ್ಳುತ್ತದೆ, ಕೈ ಹಿಂತೆಗೆಯಲು ಹೊತ್ತೇ ಸಿಗುವುದಿಲ್ಲ. ತಿರುಗುವ ಚಕ್ರ ನೆಲಕ್ಕೆ ತಾಗಿತೋ, ಬೈಕು ನೆಗೆದೇ ಹೋಗುತ್ತದೆ. ಕೀಲಿ ತೆಗೆದು ಜೇಬಿನಲ್ಲಿಟ್ಟು, ಗೇರು ನ್ಯೂಟ್ರಲ್ಲಿಗೆ ತಂದು, ಚಕ್ರವನ್ನು ಕೈಯಿಂದ ತಿರುಗಿಸಿ ಬ್ರಷ್ಷಿನಿಂದ ಎಣ್ಣೆ ಹಚ್ಚಿ. ಮಕ್ಕಳನ್ನು ದೂರ ಕೂರಿಸಿ. ಅವರಿಗೆ ತಿರುಗುವ ಚಕ್ರವೆಂದರೆ ಆಟ.

ಎಲ್ಲವನ್ನೂ ಕಟ್ಟಿಯಾದ ಮೇಲೆ, ಒಂದೂ ನಟ್ಟು ಬಿಚ್ಚುವ ಮೊದಲು, ಸೀಟು ಹಿಡಿದು ಎಡಬಲಕ್ಕೆ, ಮುಂದಕ್ಕೆ ಹಿಂದಕ್ಕೆ ಜಗ್ಗಿ ನೋಡಿ. ಆಗ ಅಲ್ಲಾಡುವುದು ಚಕ್ರವಿಲ್ಲದಾಗ ಬೀಳುತ್ತದೆ. ಅಷ್ಟಾಗಿಯೂ ಬೈಕು ವಾಲಿತೆಂದರೆ ಹಿಡಿಯಲು ಹೋಗಬೇಡಿ, ಎರಡು ಹೆಜ್ಜೆ ಹಿಂದೆ ಸರಿಯಿರಿ. ಇಂಡಿಕೇಟರು ಅಂಗಡಿಯಲ್ಲಿ ಸಿಗುತ್ತದೆ.

ಕೆಲಸ ಮುಗಿದ ಮೇಲೆ ಮೊದಲು ಚಕ್ರದ ನಟ್ಟು ಬಿಗಿಮಾಡಿ, ಆಮೇಲೆ ತುಂಡು ತೆಗೆಯಿರಿ, ಸ್ಟ್ಯಾಂಡಿನ ಹಗ್ಗ ಬಿಚ್ಚುವುದು ಕೊನೆಗೆ. ನೆಲಕ್ಕಿಳಿಸಿದ ಮೇಲೆ ನಟ್ಟನ್ನು ಇನ್ನೊಮ್ಮೆ ಪೂರ್ತಿ ಬಿಗಿಯಬೇಕು. ಬ್ರೇಕನ್ನು ನಾಲ್ಕೈದು ಸಲ ಒತ್ತಿ, ಅಂಗಳದಲ್ಲೇ ಒಂದು ಸುತ್ತು ಹಾಕಿ ನಿಲ್ಲಿಸಿ ನೋಡಿದ ಮೇಲೆಯೇ ಇಳಿಜಾರಿನ ರಸ್ತೆಗೆ ಇಳಿಯಿರಿ.