ಎಲ್ಕ್ ಬೇಟೆಯ ವಿದ್ಯೆ: ಹಿರಿಯರಿಂದ ಕಿರಿಯರಿಗೆ

ಇಂಗ್ಲಿಷ್ ಪ್ಲಾಂಟರುಗಳು ನಮ್ಮ ಬೆಟ್ಟಗಳಿಗೆ ಬಂದ ಕಾಲದಲ್ಲಿ ಕಡವೆಯನ್ನು 'ಎಲ್ಕ್' ಎಂದು ಕರೆಯುತ್ತಿದ್ದರು. ದಕ್ಷಿಣ ಭಾರತದ ಹಳೆಯ ಶಿಕಾರಿ ಬರಹಗಳಲ್ಲಿ ಆ ಹೆಸರು ಕಂಡರೆ ಅದು ಕಡವೆಯೇ ಎಂದು ತಿಳಿಯಬೇಕು. ಅಮೆರಿಕದವರು ಎಲ್ಕ್ ಎನ್ನುವ ಪ್ರಾಣಿ ಬೇರೆ. ಅದು ಕಡವೆಯ ದಾಯಾದಿ, ಗಾತ್ರದಲ್ಲಿ ಇನ್ನೂ ದೊಡ್ಡದು. ಬಲಿತ ಗಂಡು ಸುಮಾರು 300 ಕಿಲೋ ತೂಗುತ್ತದೆ, ಹೆಣ್ಣು ಸುಮಾರು 225 ಕಿಲೋ. ಅಲ್ಲಿನ ಮೂಲನಿವಾಸಿಗಳಾದ ಶಾನೀ ಜನರ ಮಾತಿನಿಂದ ಬಂದ 'ವಾಪಿಟಿ' ಎಂಬ ಹೆಸರೂ ಅದಕ್ಕಿದೆ. ಬಿಳಿಯ ಹಿಂಭಾಗವುಳ್ಳದ್ದು ಎಂದು ಅದರ ಅರ್ಥ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಡವೆಯನ್ನು ಹೊಡೆಯುವುದು ಅಪರಾಧ. ಆದ್ದರಿಂದ ಯಾರನ್ನೂ ಬೇಟೆಗೆ ಪ್ರೇರೇಪಿಸಲು ಈ ಲೇಖನ ಬರೆದಿಲ್ಲ. ಕಾಡಿನಲ್ಲಿ ನಡೆದೇ ಕಲಿಯಬೇಕಾದ ಒಂದು ವಿದ್ಯೆಯನ್ನು ಕಿರಿಯರಿಗೆ ದಾಟಿಸಲು ಅಮೆರಿಕದಲ್ಲಿ ಏನೇನು ಏರ್ಪಾಟು ಇದೆ, ಅದು ಏಕೆ ಬೇಕಾಯಿತು ಎಂಬುದನ್ನು ಬೆಳೆಗಾರ ಬಾಂಧವರ ಮುಂದಿಡುವುದು ಉದ್ದೇಶ.

ಅಳಿವಿನ ಅಂಚಿನಿಂದ

ಬಿಳಿಯರು ಬರುವುದಕ್ಕೆ ಮೊದಲು ಉತ್ತರ ಅಮೆರಿಕದ ಬಹುಭಾಗದಲ್ಲಿ ಎಲ್ಕ್ ಹಿಂಡುಗಳಿದ್ದವು. ಮಾಂಸದ ವ್ಯಾಪಾರಕ್ಕೂ ಚರ್ಮಕ್ಕೂ ಲಂಗುಲಗಾಮಿಲ್ಲದೆ ಹೊಡೆದುದರಿಂದ, ಹುಲ್ಲುಗಾವಲು ಹೊಲವಾದುದರಿಂದ, 20ನೆಯ ಶತಮಾನದ ಆರಂಭಕ್ಕೆ ಇಡೀ ಖಂಡದಲ್ಲಿ ಒಂದು ಲಕ್ಷಕ್ಕೂ ಕಡಿಮೆ ಪ್ರಾಣಿಗಳು ಉಳಿದವು. ಆಗ ಅವರು ಕಣ್ಣು ತೆರೆದರು. ಯೆಲ್ಲೋಸ್ಟೋನ್ ಸುತ್ತಿನಲ್ಲಿ ಉಳಿದಿದ್ದ ಹಿಂಡುಗಳಿಂದ ಕೆಲವನ್ನು ಹಿಡಿದು ರೈಲುಗಳಲ್ಲಿ ತುಂಬಿ ಬೇರೆ ರಾಜ್ಯಗಳಿಗೆ ಸಾಗಿಸಿ ಬಿಟ್ಟರು. ಬೇಟೆಗೆ ಕಾಲಮಿತಿ, ಪರವಾನಗಿ, ತಲೆಗೆ ಇಷ್ಟೇ ಎಂಬ ಲೆಕ್ಕ ಬಂದವು. 1937ರಲ್ಲಿ ಪಿಟ್ಮನ್-ರಾಬರ್ಟ್ಸನ್ ಕಾಯಿದೆ ಜಾರಿಯಾಗಿ, ಬೇಟೆಯ ಬಂದೂಕು ಮತ್ತು ತೋಟೆಗಳ ಮೇಲಿನ ಶೇಕಡಾ 11ರ ತೆರಿಗೆ ವನ್ಯಜೀವಿ ರಕ್ಷಣೆಗೆಂದೇ ರಾಜ್ಯಗಳಿಗೆ ಹೋಗತೊಡಗಿತು. ಇಂದು ಎಲ್ಕ್‌ಗಳ ಸಂಖ್ಯೆ ಹತ್ತು ಲಕ್ಷದ ಆಸುಪಾಸಿನಲ್ಲಿದೆ. ಅತಿ ಹೆಚ್ಚು ಇರುವುದು ಕೊಲೊರಾಡೊ ರಾಜ್ಯದಲ್ಲಿ.

ಹೀಗೆ ಬೇಟೆಗಾರನ ಹಣವೇ ಪ್ರಾಣಿಯ ರಕ್ಷಣೆಗೆ ಆಧಾರವಾಯಿತು. ಹಿಂಡು ಮಿತಿಮೀರಿ ಬೆಳೆದರೆ ಚಳಿಗಾಲಕ್ಕೆಂದು ಒಟ್ಟಿದ ಹುಲ್ಲಿನ ಬಣವೆ, ಬೇಲಿ, ಮೇವಿನ ಹೊಲ ಎಲ್ಲವೂ ಹಾಳಾಗುತ್ತವೆ. ಆನೆ ಮತ್ತು ಕಾಟಿಯ ಕಾಟ ಕಂಡ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹೆಣ್ಣು ಎಲ್ಕ್‌ಗಳಿಗೆ ಪರವಾನಗಿ ಕೊಟ್ಟು ಹಿಂಡನ್ನು ಹತೋಟಿಯಲ್ಲಿಡುವುದು ಅಲ್ಲಿನ ಕ್ರಮ. ಆದರೆ ಬೇಟೆಗಾರರೇ ಕಡಿಮೆಯಾಗುತ್ತ ಬಂದರೆ? 1982ರಲ್ಲಿ ಆ ದೇಶದಲ್ಲಿ 1.7 ಕೋಟಿಯ ಸಮೀಪ ಬೇಟೆಗಾರರಿದ್ದರು. ಕೇಂದ್ರ ಸರಕಾರದ 2016ರ ಸಮೀಕ್ಷೆಯಲ್ಲಿ ಸುಮಾರು 1.15 ಕೋಟಿ. ಹಳ್ಳಿ ಬಿಟ್ಟು ಪಟ್ಟಣ ಸೇರಿದ ಮನೆಗಳಲ್ಲಿ ಅಪ್ಪನಿಂದ ಮಗನಿಗೆ ಪಾಠ ನಿಂತುಹೋಯಿತು. ಹೊಸಬರನ್ನು ಕರೆತಂದು ಕಲಿಸುವುದು ಅನಿವಾರ್ಯವಾದದ್ದು ಹೀಗೆ.

ತರಗತಿ ಮತ್ತು ಜೊತೆಗಾರ

ಬೇಟೆಗೆ ಮೊದಲು ಶಿಕ್ಷಣ ಕಡ್ಡಾಯ ಎಂಬ ನಿಯಮ ಮೊದಲು ಬಂದದ್ದು 1949ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಬಳಿಕ ಉಳಿದ ರಾಜ್ಯಗಳೂ ಆ ಹಾದಿ ಹಿಡಿದವು. ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಆ ಮೇಲೆ ಹುಟ್ಟಿದವರು ಈ ಶಿಕ್ಷಣ ಪಡೆದಿದ್ದರೆ ಮಾತ್ರ ಪರವಾನಗಿಗೆ ಅರ್ಹರು. ಬಂದೂಕನ್ನು ತುಂಬಿದ್ದೇ ಎಂದು ಭಾವಿಸಿ ಹಿಡಿಯುವುದು, ಗುರಿಯ ಹಿಂದೆ ಏನಿದೆ ಎಂದು ನೋಡಿಕೊಳ್ಳುವುದು, ಪ್ರಾಣಿಯನ್ನು ಸರಿಯಾಗಿ ಗುರುತಿಸುವುದು, ಕಾಯಿದೆ ತಿಳಿಯುವುದು ಇವೆಲ್ಲ ತರಗತಿಯ ಪಾಠಗಳು. ಪಾಠ ಹೇಳುವವರಲ್ಲಿ ಹಲವರು ಸಂಬಳವಿಲ್ಲದೆ ದುಡಿಯುವ ಅನುಭವಿ ಬೇಟೆಗಾರರು.

ತರಗತಿ ಮುಗಿದರೂ ಹುಡುಗನನ್ನು ಒಂಟಿಯಾಗಿ ಕಾಡಿಗೆ ಬಿಡುವುದಿಲ್ಲ. ಕೊಲೊರಾಡೊದಲ್ಲಿ 12 ವರ್ಷ ತುಂಬಿದವರು ದೊಡ್ಡ ಪ್ರಾಣಿಯ ಬೇಟೆಗೆ ಹೋಗಬಹುದು. 16 ತುಂಬುವವರೆಗೆ 18 ದಾಟಿದ ಜೊತೆಗಾರರೊಬ್ಬರು ಇರಲೇಬೇಕು. ದುರ್ಬೀನು, ರೇಡಿಯೊಗಳ ನೆರವಿಲ್ಲದೆ ಒಬ್ಬರಿಗೊಬ್ಬರು ಕಾಣುವಷ್ಟು, ಮಾತು ಕೇಳುವಷ್ಟು ಹತ್ತಿರ ಇರಬೇಕೆಂದು ಕಾನೂನೇ ಹೇಳುತ್ತದೆ. ಬಂದೂಕಿನ ಬೇಟೆಯಲ್ಲಿ ದೂರಕ್ಕೆ ಹೊಳೆಯುವ ಕಿತ್ತಳೆ ಬಣ್ಣದ ಅಂಗಿ, ಟೋಪಿ ಕಡ್ಡಾಯ. 2016ರಿಂದ ಹೊಳೆಯುವ ಗುಲಾಬಿ ಬಣ್ಣಕ್ಕೂ ಅನುಮತಿ ಇದೆ. ಎಲ್ಕ್ ಕಣ್ಣಿಗೆ ಈ ಬಣ್ಣ ಎದ್ದು ಕಾಣುವುದಿಲ್ಲ, ಮನುಷ್ಯನ ಕಣ್ಣಿಗೆ ಕಾಣುತ್ತದೆ.

ಗಾಳಿಯ ಪಾಠ

ಜೊತೆಗಾರನು ಮೊದಲು ಕಲಿಸುವುದು ಗಾಳಿಯನ್ನು. ಎಲ್ಕ್‌ನ ಕಣ್ಣು, ಕಿವಿಗಳನ್ನು ತಪ್ಪಿಸಬಹುದು, ಮೂಗನ್ನು ತಪ್ಪಿಸುವುದು ಕಷ್ಟ. ಬೆಟ್ಟದ ಗಾಳಿಗೆ ಒಂದು ದಿನಚರಿ ಇದೆ. ಬಿಸಿಲೇರಿ ಇಳಿಜಾರು ಕಾದಾಗ ಗಾಳಿ ಮೇಲಕ್ಕೆ ಹರಿಯುತ್ತದೆ. ಸಂಜೆ ತಂಪಾದ ಗಾಳಿ ಭಾರವಾಗಿ ಕಣಿವೆಗೆ ಇಳಿಯುತ್ತದೆ. ಆದ್ದರಿಂದ ಬಿಸಿಲೇರಿದ ಮೇಲೆ ಪ್ರಾಣಿಗಿಂತ ಎತ್ತರದಲ್ಲಿ, ಸಂಜೆ ಅದಕ್ಕಿಂತ ತಗ್ಗಿನಲ್ಲಿ ಇರಬೇಕೆಂಬುದು ಸಾಮಾನ್ಯ ನಿಯಮ. ಗಾಳಿ ತಿರುಗುವ ಹೊತ್ತಿನಲ್ಲಿ ಅನುಭವಿ ಕುಳಿತಲ್ಲೇ ಕಾಯುತ್ತಾನೆ. ಹೊಸಬನು ಆತುರದಿಂದ ನಡೆದು ಇಡೀ ಹಿಂಡನ್ನು ಎಬ್ಬಿಸುತ್ತಾನೆ. ಪುಡಿ ತುಂಬಿದ ಪುಟ್ಟ ಸೀಸೆಯನ್ನು ಆಗಾಗ ಒತ್ತಿ ಪುಡಿ ಎತ್ತ ತೇಲುತ್ತದೆಂದು ನೋಡುವುದು ಅಲ್ಲಿ ರೂಢಿ.

ಎರಡನೆಯ ಪಾಠ ಗುರುತುಗಳದ್ದು. ಹೆಜ್ಜೆಯ ಅಂಚು ಚೂಪಾಗಿದೆಯೇ, ಕುಸಿದಿದೆಯೇ. ಹಿಕ್ಕೆ ಹಸಿಯೋ ಒಣಗಿದ್ದೋ. ಮರದ ತೊಗಟೆಯನ್ನು ಗಂಡು ಕೊಂಬಿನಿಂದ ಉಜ್ಜಿದ್ದು ಈ ವರ್ಷವೋ ಹಿಂದಿನ ವರ್ಷವೋ ಎಂದು ನೋಡಿ ಹೇಳಬೇಕು. ಸೆಪ್ಟೆಂಬರ್ ಹೊತ್ತಿಗೆ ಬೆದೆಗಾಲ. ಆಗ ಗಂಡು ತಗ್ಗಿನಿಂದ ಎತ್ತಿ ಸಿಳ್ಳಿನಂತೆ ಎಳೆದು ಕೂಗುತ್ತದೆ. ಆ ಕೂಗನ್ನು ಅನುಕರಿಸುವ ಸಾಧನ ಅಂಗಡಿಯಲ್ಲಿ ಸಿಗುತ್ತದೆ. ಯಾವಾಗ ಕೂಗಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು ಹಿರಿಯರ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ಈಡು ಹೊಡೆಯದಿರುವುದು

ಎಲ್ಲಕ್ಕಿಂತ ಕಷ್ಟದ ಪಾಠ ಇದು. ಪ್ರಾಣಿ ಕಂಡೊಡನೆ ಹೊಸಬನ ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ. ದೂರ ಹೆಚ್ಚಿದ್ದರೆ, ಪ್ರಾಣಿ ಓಡುತ್ತಿದ್ದರೆ, ಹಿಂಬದಿ ಮಾತ್ರ ಕಾಣುತ್ತಿದ್ದರೆ, ಹಿಂದೆ ಇನ್ನೊಂದು ಎಲ್ಕ್ ನಿಂತಿದ್ದರೆ, ಕತ್ತಲಾಗುತ್ತಿದ್ದರೆ ಬೆರಳನ್ನು ಕುದುರೆಯಿಂದ ದೂರವಿಡಬೇಕು. ಪ್ರಾಣಿ ಅಡ್ಡಲಾಗಿ ನಿಂತು, ಮುಂಗಾಲಿನ ಹಿಂದಿನ ಎದೆಯ ಭಾಗ ಸ್ಪಷ್ಟವಾಗಿ ಕಂಡಾಗ ಮಾತ್ರ ಹೊಡೆಯಬೇಕು. ಗಾಯಗೊಂಡ ಎಲ್ಕ್ ಮೈಲುಗಟ್ಟಲೆ ಹೋಗಿ ಎಲ್ಲೋ ಪೊದೆಯಲ್ಲಿ ನರಳಿ ಸಾಯಬಹುದು. ಅದು ಯಾರ ಊಟಕ್ಕೂ ಬರುವುದಿಲ್ಲ, ಹೊಡೆದವನ ಮನಸ್ಸಿಗೂ ನೆಮ್ಮದಿ ಕೊಡುವುದಿಲ್ಲ.

ಹೊಡೆದ ಮೇಲೂ ಒಡನೆ ಓಡಬಾರದು. ಪ್ರಾಣಿ ನಿಂತಿದ್ದ ಜಾಗವನ್ನೂ ಕೊನೆಗೆ ಕಂಡ ಮರವನ್ನೂ ಗುರುತಿಟ್ಟುಕೊಂಡು ಸ್ವಲ್ಪ ಹೊತ್ತು ಕಾದು, ರಕ್ತದ ಜಾಡು ಹಿಡಿಯಬೇಕು. ಜಾಡು ತಪ್ಪಿತೆಂದರೆ ಕೊನೆಯ ಗುರುತಿಗೆ ಹಿಂತಿರುಗಿ ಮತ್ತೆ ಹುಡುಕಬೇಕು. ಕತ್ತಲಾಯಿತು, ಸಾಕು ಎಂದು ಹುಡುಗ ಹೇಳಿದಾಗ ದೀಪ ಹಚ್ಚಿ ಮುಂದೆ ನಡೆಯುವವನೇ ಒಳ್ಳೆಯ ಜೊತೆಗಾರ.

ಹೊರೆಯ ಲೆಕ್ಕ

ಬಿದ್ದ ಎಲ್ಕ್‌ನಿಂದ ಮೂಳೆ ಬಿಟ್ಟು ಸುಮಾರು 100 ಕಿಲೋ ಮಾಂಸ ಸಿಗಬಹುದು. ಅದನ್ನು ರಸ್ತೆಗೆ ತರುವುದು ಹೇಗೆಂದು ಈಡು ಹೊಡೆಯುವ ಮೊದಲೇ ಯೋಚಿಸಬೇಕು. ಅಷ್ಟು ದೊಡ್ಡ ಮೈಯ ಬಿಸಿ ಬೇಗ ಆರದಿದ್ದರೆ ಮಾಂಸ ಕೆಡುತ್ತದೆ. ಕೂಡಲೇ ಚರ್ಮ ಸುಲಿದು, ಭಾಗ ಮಾಡಿ, ಗಾಳಿಯಾಡುವ ಬಟ್ಟೆಯ ಚೀಲಗಳಲ್ಲಿ ನೆರಳಿಗೆ ತೂಗುಹಾಕಬೇಕು. ಬಳಿಕ ಬೆನ್ನ ಮೇಲೆ ಹಲವು ಸಲ ಹೊತ್ತು ತರಬೇಕು, ಅಥವಾ ಕುದುರೆ ಬೇಕು. ಕೊಂಬು ಕಿತ್ತುಕೊಂಡು ಮಾಂಸ ಬಿಟ್ಟುಬರುವುದು ಅಲ್ಲಿ ಅಪರಾಧ. ಒಮ್ಮೆ ಹೊರೆ ಹೊತ್ತ ಹುಡುಗನು ಮುಂದಿನ ಸಲ ಕಡಿದಾದ ಕಣಿವೆಯ ತಳದಲ್ಲಿ ಎಲ್ಕ್ ಕಂಡರೆ ಎರಡು ಸಲ ಯೋಚಿಸುತ್ತಾನೆ.

ಹಿರಿಯರೂ ಕಲಿಯಬೇಕಾದದ್ದು

ಹಳಬರಿಗೆ ಎಲ್ಲವೂ ಗೊತ್ತು ಎನ್ನುವಂತಿಲ್ಲ. ಜಿಂಕೆಯ ಜಾತಿಯ ಪ್ರಾಣಿಗಳ ಮಿದುಳನ್ನು ಹಾಳುಮಾಡುವ ಸೊರಗು ರೋಗವೊಂದನ್ನು ಕೊಲೊರಾಡೊದಲ್ಲಿ ಮೊದಲು 1967ರಲ್ಲಿ, ಸಾಕಿದ ಜಿಂಕೆಗಳಲ್ಲಿ ಗಮನಿಸಲಾಯಿತು. 1981ರಲ್ಲಿ ಕಾಡಿನ ಎಲ್ಕ್‌ನಲ್ಲಿಯೂ ಕಂಡಿತು. ಅದಕ್ಕೆ ಮದ್ದಿಲ್ಲ. ರೋಗವಿರುವ ಪ್ರದೇಶದಲ್ಲಿ ಹೊಡೆದ ಪ್ರಾಣಿಯನ್ನು ಪರೀಕ್ಷೆ ಮಾಡಿಸಬೇಕು, ರೋಗ ಇದೆಯೆಂದಾದರೆ ಮಾಂಸ ತಿನ್ನಬಾರದು ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ಸೀಸದ ಗುಂಡಿನ ಚೂರುಗಳು ಬಿಟ್ಟುಬಂದ ಕರುಳಿನಲ್ಲಿ ಉಳಿದು ಹದ್ದುಗಳಿಗೆ ವಿಷವಾಗುತ್ತವೆಂದು ತಿಳಿದ ಮೇಲೆ ಹಲವರು ತಾಮ್ರದ ಗುಂಡಿಗೆ ಬದಲಾಗಿದ್ದಾರೆ. ಖಾಸಗಿ ಜಮೀನಿನ ಗಡಿ ಎಲ್ಲಿ, ಸರಕಾರಿ ಕಾಡು ಎಲ್ಲಿ ಎಂಬುದನ್ನು ಮೊಬೈಲಿನ ನಕ್ಷೆಯಲ್ಲಿ ತೋರಿಸಿಕೊಡುವವರು ಹೆಚ್ಚಾಗಿ ಕಿರಿಯರೇ. ಕಲಿಸುವವನು ಕಲಿಯಲೂ ಸಿದ್ಧನಿದ್ದಲ್ಲಿ ಮಾತ್ರ ಹುಡುಗರು ಜೊತೆಯಲ್ಲಿ ನಿಲ್ಲುತ್ತಾರೆ.

ನಮ್ಮ ತೋಟಗಳಿಗೆ

ನಮಗೆ ಇದರಿಂದ ಆಗಬೇಕಾದುದೇನು? ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ, ಕೊಳೆರೋಗಕ್ಕೆ ಮಳೆಗಾಲದ ನಡುವೆ ಬೋರ್ಡೋ ದ್ರಾವಣ ಹೊಡೆಯುವ ಕೊನೆಗೌಡರು ವರ್ಷವರ್ಷಕ್ಕೆ ವಿರಳವಾಗುತ್ತಿದ್ದಾರೆ. ಕಾಫಿ ತೋಟದಲ್ಲಿ ಯಾವ ಮರದ ನೆರಳು ಎಷ್ಟು ತೆಗೆಯಬೇಕು, ಗಿಡದಲ್ಲಿ ಯಾವ ರೆಕ್ಕೆ ಉಳಿಸಬೇಕು ಎಂದು ಕಣ್ಣಳತೆಯಲ್ಲೇ ಹೇಳುವ ಹಿರಿಯರೂ ಹಾಗೆಯೇ. ಇವೆಲ್ಲ ಎಲ್ಕ್ ಬೇಟೆಯಂತೆಯೇ ಪಕ್ಕದಲ್ಲಿ ನಿಂತು, ಒಂದು ಹಂಗಾಮು ಪೂರ್ತಿ ನೋಡಿ ಕಲಿಯುವ ಕೆಲಸಗಳು.

ಅಮೆರಿಕದವರು ಈ ಭಾರವನ್ನು ತಂದೆತಾಯಿಯ ಮೇಲೆ ಮಾತ್ರ ಹೊರಿಸಲಿಲ್ಲ. ತರಗತಿ ಏರ್ಪಡಿಸಿದರು, ಜೊತೆಗಾರನಿಗೆ ಹೊಣೆ ಕೊಟ್ಟರು, ಕಲಿಯುವವನಿಗೆ ವಯಸ್ಸಿಗೆ ತಕ್ಕ ಸ್ಥಾನ ಕೊಟ್ಟರು. ಬರುವ ಕೊಯ್ಲಿನಲ್ಲಿ ನುರಿತ ಒಬ್ಬ ಕೆಲಸಗಾರನ ಜೊತೆಗೆ ಹೊಸ ಹುಡುಗನೊಬ್ಬನನ್ನು ಬಿಡುವುದು, ನಿಧಾನವಾಯಿತೆಂದು ಗೊಣಗದೆ ಇಬ್ಬರಿಗೂ ಪೂರ್ತಿ ಕೂಲಿ ಕೊಡುವುದು, ಸೊಂಟಕ್ಕೆ ಹಗ್ಗವಿಲ್ಲದೆ ಯಾರನ್ನೂ ಮರ ಹತ್ತಿಸದಿರುವುದು ಪ್ರತಿಯೊಬ್ಬ ಸದಸ್ಯರ ಕೈಯಲ್ಲಿದೆ. ಗೊತ್ತಿದ್ದವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಲಿ.